ಕೈಮಗ್ಗದ ಸೀರೆಗೆ ತಕ್ಕ ಬೆಲೆ ಯಾವುದು?

ಮನೆಯಲ್ಲಿ ಲಗ್ನಕಾರ್ಯ ಗೊತ್ತಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿಗಳ ಸಂಸಾರಸ್ಥರಿಗೆ ಮೊದಲು ಬರುವ ಚಿಂತೆ ಜವಳಿಯದು. ಆಹೇರಿಯ ಸೀರೆಗಳನ್ನು ಆರಿಸುವಾಗ ಅಂಗಡಿಯವನು ಎರಡು ಬಗೆಯವನ್ನು ಹರವುತ್ತಾನೆ; ಒಂದು ಯಂತ್ರಮಗ್ಗದ್ದು, ಇನ್ನೊಂದು ಕೈಮಗ್ಗದ್ದು. ನೋಟಕ್ಕೆ ಎರಡೂ ಹತ್ತಿರದವು, ಬೆಲೆಯಲ್ಲಿ ಮಾತ್ರ ಬಹಳ ಅಂತರ. "ಇದಕ್ಕೇಕೆ ಇಷ್ಟು?" ಎಂದು ಕೇಳುವುದು ಸಹಜವೂ ಹೌದು, ನ್ಯಾಯವೂ ಹೌದು. ಆದರೆ ಆ ಪ್ರಶ್ನೆಗೆ ಉತ್ತರವು ಅಂಗಡಿಯಲ್ಲಿ ದೊರೆಯುವುದು ಅಪರೂಪ. ಆದ್ದರಿಂದ ಈ ತಿಂಗಳು ಆ ಲೆಕ್ಕವನ್ನು ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ನಮ್ಮ ಸೀಮೆಯಲ್ಲಿ ರಬಕವಿ, ಬನಹಟ್ಟಿಗಳು ನೇಕಾರರ ಊರುಗಳೆಂದು ಯಾರಿಗೆ ತಿಳಿಯದು? ಇಂದು ಅಲ್ಲಿಯ ಓಣಿಗಳಲ್ಲಿ ಯಂತ್ರಮಗ್ಗಗಳ ಸದ್ದೇ ಹೆಚ್ಚು. ಕೈಮಗ್ಗಗಳು ಕಡಿಮೆಯಾಗಿವೆ, ಆದರೂ ಅಳಿದಿಲ್ಲ. ಕೈಮಗ್ಗದ ಸೀರೆಯನ್ನು ಒಬ್ಬನೇ ನೇಯುವನೆಂದು ತಿಳಿಯುವುದು ಭ್ರಮೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವನ ಕೆಲಸ ಕೊನೆಯದು. ಅದಕ್ಕೂ ಮೊದಲು ನೂಲಿಗೆ ಬಣ್ಣ ಹಾಕಬೇಕು. ಲಡಿಗಳನ್ನು ಬಿಚ್ಚಿ ಸುತ್ತಬೇಕು. ಹಾಸು ಹೂಡಿ ಗಂಜಿ ಕೊಡಬೇಕು. ಒಂದೊಂದೇ ಎಳೆಯನ್ನು ಹಣಿಗೆಯಲ್ಲಿ ಪೋಣಿಸಬೇಕು. ಲಾಳಿಗೆ ಕಂಡಿಕೆ ಸುತ್ತಿಕೊಡುವ ಕೆಲಸವಂತೂ ಮಗ್ಗ ನಡೆಯುವವರೆಗೂ ಮುಗಿಯದು. ಇದರಲ್ಲಿ ಹೆಚ್ಚಿನ ಪಾಲು ಮನೆಯ ಹೆಣ್ಣುಮಕ್ಕಳದು, ಮುದುಕರದು. ೨೦೧೯–೨೦ರ ಅಖಿಲ ಭಾರತ ಕೈಮಗ್ಗ ಗಣತಿಯಲ್ಲಿ ದೇಶದೊಳಗೆ ೩೫ ಲಕ್ಷಕ್ಕೂ ಹೆಚ್ಚು ಕೈಮಗ್ಗದ ಕೆಲಸಗಾರರು ಕಂಡುಬಂದರು. ಅವರಲ್ಲಿ ನೂರಕ್ಕೆ ೭೦ಕ್ಕೂ ಹೆಚ್ಚು ಮಂದಿ ಸ್ತ್ರೀಯರು.

ಇನ್ನು ನೇಯ್ಗೆಯ ಲೆಕ್ಕ. ಆರು ಗಜದ ಸೀರೆಯೆಂದರೆ ೨೧೬ ಇಂಚು. ಇಂಚಿಗೆ ೬೦ ಹೊಕ್ಕಿನ ಎಳೆಗಳೆಂದು ಹಿಡಿದರೂ ಲಾಳಿಯು ೧೨,೯೬೦ ಸಲ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಓಡಬೇಕು. ಪ್ರತಿ ಸಲವೂ ಕಾಲು ತುಳಿಯಬೇಕು, ಒಂದು ಕೈ ಲಾಳಿಯನ್ನು ಓಡಿಸಬೇಕು, ಇನ್ನೊಂದು ಕೈ ಹೊಕ್ಕನ್ನು ಬಡಿದು ಕೂಡಿಸಬೇಕು. ನಡುವೆ ಎಳೆ ಹರಿದರೆ ಎಲ್ಲವನ್ನೂ ನಿಲ್ಲಿಸಿ ಗಂಟು ಹಾಕಬೇಕು.

ಈಗ ಹಣದ ಮಾತು. ಉದಾಹರಣೆಗಾಗಿ ಒಂದು ಸೀರೆಯ ಬೆಲೆ ೧,೫೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ನೂಲು ಬಣ್ಣಗಳಿಗೆ ೫೦೦, ಸಾಗಣೆ ಹಾಗೂ ಅಂಗಡಿಯ ಖರ್ಚು ಲಾಭಗಳಿಗೆ ೪೦೦ ಹೋದರೆ ಮಜೂರಿಗೆ ಉಳಿಯುವುದು ೬೦೦. ಮನೆಯವರೆಲ್ಲರ ದುಡಿಮೆಯನ್ನು ಕೂಡಿಸಿ ಐದು ದಿನವೆಂದು ಹಿಡಿದರೆ ದಿನಕ್ಕೆ ಬಿದ್ದದ್ದು ೧೨೦ ರೂಪಾಯಿ. ನಾವು ಚೌಕಾಶಿ ಮಾಡಿ ೧೫೦ ರೂಪಾಯಿ ಇಳಿಸಿದೆವೆನ್ನಿರಿ. ನಮಗೆ ಉಳಿದದ್ದು ಹತ್ತರಲ್ಲಿ ಒಂದು ಪಾಲು. ಆದರೆ ನೂಲಿನ ಗಿರಣಿಯು ತನ್ನ ದರವನ್ನು ಇಳಿಸದು. ವ್ಯಾಪಾರಿಯೂ ತನ್ನ ಲಾಭವನ್ನು ಸುಲಭವಾಗಿ ಬಿಡನು. ಇಂದಲ್ಲದಿದ್ದರೆ ಮುಂದಿನ ಸಲ ಸರಕು ಕೊಳ್ಳುವಾಗ ಅವನು ಆ ಕೊರತೆಯನ್ನು ನೇಕಾರನ ಮೇಲೆಯೇ ಹಾಕುವನು. ಆಗ ೬೦೦ ಇದ್ದದ್ದು ೪೫೦ ಆಗುವುದು. ಎಂದರೆ ಮಜೂರಿಯ ನಾಲ್ಕನೆಯ ಒಂದು ಪಾಲು ಹೋಯಿತು! ಮೇಲೆ ಹೇಳಿದ ಗಣತಿಯ ಮೇರೆಗೆ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವು ತಿಂಗಳಿಗೆ ೫,೦೦೦ ರೂಪಾಯಿಗಿಂತ ಕಡಿಮೆ ಆದಾಯದಲ್ಲಿ ಬಾಳುತ್ತಿದ್ದವು ಎಂಬುದನ್ನು ಇದರೊಡನೆ ಸೇರಿಸಿ ನೋಡಬೇಕು.

ಈ ವಿಚಾರ ಹೊಸದಲ್ಲ. ೧೯೩೫ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಅಖಿಲ ಭಾರತ ಚರಕಾ ಸಂಘವು, ಎಂಟು ತಾಸು ನೂಲುವವಳಿಗೆ ಅನ್ನ ವಸ್ತ್ರಗಳಿಗೆ ಸಾಲುವಷ್ಟಾದರೂ ಕೂಲಿ ಸಿಗಬೇಕೆಂಬ ತತ್ತ್ವವನ್ನು ಅಂಗೀಕರಿಸಿತು. ಅದರಿಂದ ಖಾದಿಯ ಬೆಲೆ ಏರುವುದೆಂದು ಎಲ್ಲರಿಗೂ ತಿಳಿದಿತ್ತು. ಅಗ್ಗದ ಬಟ್ಟೆಗಾಗಿ ನೂಲುವವಳು ಉಪವಾಸವಿರಬಾರದೆಂಬುದೇ ಆಗಿನ ತೀರ್ಮಾನದ ತಿರುಳು.

ಹಾಗೆಂದು ಅಂಗಡಿಯವನು ಹೇಳಿದಷ್ಟನ್ನು ಎಣಿಸಿಕೊಡಬೇಕೆಂದು ನಾವು ಹೇಳುವುದಿಲ್ಲ. ಗೃಹಸ್ಥನ ಗಳಿಕೆಯೂ ಬೆವರಿನದೇ. ಕೈಮಗ್ಗದ ಹೆಸರು ಹೇಳಿ ಯಂತ್ರಮಗ್ಗದ ಸೀರೆಯನ್ನು ಮಾರುವವರೂ ಉಂಟು. ಅಲ್ಲಿ ಕೊಳ್ಳುವವನಿಗೂ ಮೋಸ, ನೇಯುವವನಿಗೂ ಮೋಸ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾನೂನು ೧೯೮೫ರಲ್ಲಿಯೇ ಬಂದಿದೆ. ೨೦೦೬ರಲ್ಲಿ ಕೇಂದ್ರ ಸರಕಾರವು ಕೈಮಗ್ಗದ ಗುರುತುಚೀಟಿಯನ್ನೂ ಜಾರಿಗೆ ತಂದಿತು. ಆ ಗುರುತನ್ನು ಕೇಳಿ ನೋಡುವುದು ಕೊಳ್ಳುವವರ ಹಕ್ಕು. ಸಾಧ್ಯವಿದ್ದವರು ಸಹಕಾರ ಸಂಘಗಳಲ್ಲಿಯೋ, ೧೯೭೫ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಮಳಿಗೆಗಳಲ್ಲಿಯೋ, ನೇಕಾರರ ಮನೆಯಲ್ಲಿಯೋ ಕೊಳ್ಳಬಹುದು. ನಡುವಿನ ಕೈಗಳು ಕಡಿಮೆಯಾದಷ್ಟೂ ಇಬ್ಬರಿಗೂ ಹಿತ.

ಬೆಲೆಯನ್ನು ಅಳೆಯಲು ಇನ್ನೊಂದು ಕೋಲೂ ಇದೆ. ಒಳ್ಳೆಯ ನೂಲಿನ ಸೀರೆ ಒಗೆದಂತೆ ಮೆತ್ತಗಾಗುತ್ತದೆ. ಬಿಸಿಲುಗಾಲದಲ್ಲಿ ಮೈಗೆ ಹಿತ. ಉಟ್ಟು ಹಳತಾದ ಮೇಲೆಯೂ ನಮ್ಮ ಹೆಂಗಸರ ಸೂಜಿಯಿಂದ ಕೌದಿಯಾಗಿ ಮೊಮ್ಮಕ್ಕಳಿಗೆ ಹೊದಿಕೆಯಾಗುತ್ತದೆ. ಎರಡು ಸಲ ಉಟ್ಟು ಪೆಟ್ಟಿಗೆಗೆ ಸೇರುವ ಅಗ್ಗದ ಸೀರೆಗಿಂತ ಇದು ತುಟ್ಟಿಯೇ? ಉಟ್ಟ ದಿನಗಳನ್ನು ಎಣಿಸಿದವರು ಹೇಳಲಿ.

ಆದ್ದರಿಂದ ಗೃಹಿಣಿಯರಲ್ಲಿ ನಮ್ಮ ವಿನಂತಿ ಇಷ್ಟೇ: ಹತ್ತು ಸೀರೆ ಕೊಳ್ಳುವಲ್ಲಿ ಎಂಟನ್ನೇ ಕೊಳ್ಳಿರಿ, ಚೆನ್ನಾಗಿ ಪರೀಕ್ಷಿಸಿ ಕೊಳ್ಳಿರಿ, ಆದರೆ ಸರಕು ನಿಜವೆಂದು ತಿಳಿದ ಬಳಿಕ ನೇಯ್ದವರ ಮಜೂರಿಯಲ್ಲಿ ಚೌಕಾಶಿ ಬೇಡ. ನೇಕಾರನು ಬೇಡುವುದು ದಯೆಯನ್ನಲ್ಲ, ದುಡಿದದ್ದಕ್ಕೆ ಸಲ್ಲತಕ್ಕ ಹಣವನ್ನು.