ಗೊಮ್ಮಟನ ಮುಖ ನೋಡಿದ್ದು ಸಾಕು, ಕಾಲ ಬುಡ ಓದಿ!

ಕನ್ನಡಿಗರೇ, ಒಂದು ಪ್ರಶ್ನೆ. ಶ್ರವಣಬೆಳಗೊಳಕ್ಕೆ ಹೋಗಿದ್ದೀರಾ? ಹೋಗಿರುತ್ತೀರಿ. ಬರಿಗಾಲಲ್ಲಿ ಆರುನೂರಕ್ಕೂ ಮೇಲೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಕತ್ತೆತ್ತಿ ಗೊಮ್ಮಟನ ಮುಖ ನೋಡಿ, ಫೋಟೊ ತೆಗೆಸಿಕೊಂಡು, ಇಳಿದು ಎಳನೀರು ಕುಡಿದು ಮನೆಗೆ ಬಂದಿರುತ್ತೀರಿ. ಅವನ ಕಾಲ ಬುಡದಲ್ಲಿ ಏನು ಬರೆದಿದೆ, ಹೇಳಿ ನೋಡೋಣ?

ಗೊತ್ತಿಲ್ಲ, ಅಲ್ಲವೇ? ಬೇಸರ ಬೇಡ. ಇದನ್ನು ಬರೆಯುತ್ತಿರುವ ನನಗೂ ಗೊತ್ತಿರಲಿಲ್ಲ. ನಮ್ಮ ಮಿರ್ಲೆಯಿಂದ ಹೊಳೆನರಸೀಪುರ ದಾಟಿ ಚನ್ನರಾಯಪಟ್ಟಣದ ಮೇಲೆ ಹೋದರೆ ಬೆಳಗೊಳ ಅರ್ಧ ದಿನದ ಮಾತು. ಮೂರು ಸಲ ಹೋಗಿ ಮೂರು ಸಲವೂ ಮುಖ ನೋಡಿಕೊಂಡು ಬಂದವನು ನಾನು. ನಾಲ್ಕನೇ ಸಲ ನನ್ನ ಕೆನ್ನೆಗೆ ಬಿತ್ತು.

ಹೊಡೆದದ್ದು ಒಬ್ಬ ಮರಾಠಿ ಅಜ್ಜ. ಕೊಲ್ಹಾಪುರದ ಕಡೆಯವರು. ಮೊಮ್ಮಗಳ ಕೈಹಿಡಿದು ನೇರ ಮೂರ್ತಿಯ ಕಾಲ ಪಕ್ಕಕ್ಕೆ ಕರೆದೊಯ್ದು, ಕಲ್ಲಿನ ಮೇಲಿನ ನಾಗರಿ ಅಕ್ಷರಗಳನ್ನು ತೋರಿಸಿ, ಒಂದೊಂದಾಗಿ ಓದಿಸಿದರು. ಶ್ರೀ ಚಾವುಂಡರಾಜೇಂ ಕರವಿಯಲೇಂ. ಹುಡುಗಿ ಓದಿದಳು. ಅಜ್ಜ ಕೈ ಮುಗಿದರು. ಗೊಮ್ಮಟನಿಗಲ್ಲ, ಆ ಸಾಲಿಗೆ!

ಅದೇ ಹೊತ್ತಿಗೆ ನಮ್ಮ ಸೀಮೆಯದೇ ಒಂದು ಶಾಲೆಯ ಪ್ರವಾಸದ ಮಕ್ಕಳು ಬಂದರು. ಎಲ್ಲರ ಕೊರಳಲ್ಲೂ ಟೈ. ಒಬ್ಬ ಪೋರ ಇನ್ನೊಂದು ಬದಿಯ ಕಲ್ಲಿಗೆ ಬೆರಳು ಮಾಡಿ, 'ಸಾರ್, ಇದೇನು ಬರೆದಿರೋದು?' ಅಂದ. ಸಾರ್ ಹೇಳಿದ್ದು ಇಷ್ಟು: 'ಅದು ಯಾವುದೋ ಹಳೇ ಲಿಪಿ ಕಣೋ, ಲೈನಲ್ಲಿ ನಡಿ.'

ಯಾವುದೋ ಹಳೇ ಲಿಪಿ! ಸ್ವಾಮಿ, ಅದು ಕನ್ನಡ. ನಿಮ್ಮಪ್ಪನ, ನಿಮ್ಮಜ್ಜನ ಕನ್ನಡ. 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂದಿದೆ. ಸಾವಿರ ವರ್ಷ ಮಳೆ ಗಾಳಿ ತಿಂದರೂ ಆ ಸಾಲು ಅಳಿಸಿಲ್ಲ. ಅಳಿಸಿರುವುದು ನಮ್ಮ ತಲೆಯಿಂದ.

ಈ ಚಾವುಂಡರಾಯ ಯಾರು? ತಲಕಾಡಿನ ಗಂಗರ ದೊರೆ ರಾಚಮಲ್ಲನ ಮಂತ್ರಿ, ದಂಡನಾಯಕ. ಕತ್ತಿ ಹಿಡಿದ ಕೈಯಲ್ಲೇ ಲೇಖನಿ ಹಿಡಿದು 978ರಲ್ಲಿ ಚಾವುಂಡರಾಯ ಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದವನು. ಕವಿ ರನ್ನನಿಗೆ ಆಸರೆಯಾದವನು. ಎದುರಿನ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಕವಿರತ್ನ' ಎಂಬ ಅಕ್ಷರಗಳಿವೆ, ಅದು ರನ್ನನ ರುಜು ಎಂದೇ ವಿದ್ವಾಂಸರ ಎಣಿಕೆ. ತಾಯಿ ಕಾಳಲಾದೇವಿಯ ಆಸೆ ತೀರಿಸಲು ಚಾವುಂಡರಾಯ ಈ ಮೂರ್ತಿ ಮಾಡಿಸಿದನೆಂಬುದು ಐತಿಹ್ಯ. ಕಾಲ 981 ಎಂಬುದು ವಾಡಿಕೆಯ ಲೆಕ್ಕ. ಅದಕ್ಕೇ 1981ರಲ್ಲಿ ಸಾವಿರ ವರ್ಷದ ಮಹಾಮಸ್ತಕಾಭಿಷೇಕ ನಡೆದಾಗ ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಹೂ ಸುರಿದರು.

ಎಲ್ಲಿಂದಲೋ ಕಲ್ಲು ಹೊತ್ತು ತಂದು ನಿಲ್ಲಿಸಿದ್ದಲ್ಲ ಇದು. ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡೆದು, ಬೇಡದ್ದನ್ನೆಲ್ಲ ಬಿಸಾಡಿ, ಉಳಿಸಿಕೊಂಡ 57 ಅಡಿ. ತೊಡೆಯಿಂದ ಮೇಲಕ್ಕೆ ಹಿಂದೆ ಮುಂದೆ ಯಾವ ಆಸರೆಯೂ ಇಲ್ಲ. ಕಾಲ ಇಕ್ಕೆಲದಲ್ಲಿ ಹುತ್ತ, ಹುತ್ತದಿಂದ ಇಣುಕುವ ಹಾವು, ತೋಳಿಗೆ ಹಬ್ಬಿದ ಮಾಧವಿ ಬಳ್ಳಿ. ಎಷ್ಟು ಕಾಲ ಅಲ್ಲಾಡದೆ ನಿಂತಿದ್ದ ಎಂಬುದಕ್ಕೆ ಆ ಬಳ್ಳಿಯೇ ಗಡಿಯಾರ. ಸುಮಾರು 1180ರಲ್ಲಿ ಬೊಪ್ಪಣನೆಂಬ ಕನ್ನಡ ಕವಿ ಈ ಗೊಮ್ಮಟನ ಎತ್ತರವನ್ನೂ ಚೆಲುವನ್ನೂ ತೂಗಿ ನೋಡಿ ಹಾಡಿ ಹೊಗಳಿದ. ಅದೂ ಅಲ್ಲಿಯೇ ಕಲ್ಲಿನ ಮೇಲಿದೆ. ಅದನ್ನೂ ಓದಿರುವುದಿಲ್ಲ ನಾವು, ಬಿಡಿ.

ಕಾಲ ಬುಡದ ಮಾತಿಗೇ ಬರುತ್ತೇನೆ. ಕನ್ನಡ ಸಾಲಿನ ಜೊತೆಯಲ್ಲೇ ಅದೇ ಮಾತು ತಮಿಳಿನಲ್ಲಿದೆ. ಇನ್ನೊಂದು ಬದಿಯಲ್ಲಿ ನಾಗರಿಯಲ್ಲಿದೆ. ಆ ನಾಗರಿ ಸಾಲು ಚಾವುಂಡರಾಯನ ಕಾಲದ್ದಲ್ಲ, 12ನೇ ಶತಮಾನದ ಆದಿಯಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಸುತ್ತಾಲಯ ಕಟ್ಟಿಸಿದಾಗ ಸೇರಿದ್ದು ಎನ್ನುವವರೂ ಇದ್ದಾರೆ. ಇರಲಿ. ಇದಪ್ಪಾ ತ್ರಿಭಾಷಾ ಸೂತ್ರ! ನಾಡಿನ ಮಾತು ಮನೆಯ ಯಜಮಾನ, ಬೆಟ್ಟ ಹತ್ತಿ ಬಂದ ನೆರೆಯವರ ಮಾತು ಗೌರವದ ನೆಂಟ. ಆಗ ದೆಹಲಿಯಿಂದ ಸುತ್ತೋಲೆ ಬರುತ್ತಿರಲಿಲ್ಲ ನೋಡಿ, ಅದಕ್ಕೇ ಲೆಕ್ಕ ಸರಿಯಿತ್ತು.

ಈಗ ನೆಂಟರು ಏನು ಮಾಡಿದರು ಕೇಳಿ. ಆ ಒಂದು ನಾಗರಿ ಸಾಲನ್ನು ಮರಾಠಿಗರು ತಮ್ಮ ಭಾಷೆಯ ಮೊದಲ ವಾಕ್ಯವೆಂದು ತಲೆತಲಾಂತರ ಮಕ್ಕಳಿಗೆ ಪಾಠ ಹೇಳಿದರು. ಅದಕ್ಕಿಂತ ಹಳೆಯದು ಬೇರೆ ಇದೆಯೆಂದು ಅವರಲ್ಲೇ ವಾದ ನಡೆದಿದೆ, ಆದರೂ ಸಾಲನ್ನು ಮಾತ್ರ ಮರೆತಿಲ್ಲ. ಕೊಂಕಣಿಗರು 'ಅದು ಮರಾಠಿಯಲ್ಲ, ನಮ್ಮ ಕೊಂಕಣಿ' ಎಂದು ಜಗಳಕ್ಕೆ ನಿಂತರು. ತಮಿಳರಂತೂ ಕೇಳಲೇಬೇಡಿ. ನಮ್ಮ ಮೈಸೂರಿನ ಕೇಂದ್ರ ಶಾಸನ ಕಚೇರಿಯಲ್ಲಿದ್ದ ತಮಿಳು ಶಾಸನಗಳ ಪಡಿಯಚ್ಚುಗಳಿಗಾಗಿ ಹೈಕೋರ್ಟು ಹತ್ತಿದರು. ಅವನ್ನು ಚೆನ್ನೈಗೆ ಒಯ್ಯಿರಿ ಎಂದು 2021ರಲ್ಲಿ ಮದ್ರಾಸ್ ಹೈಕೋರ್ಟು ಆದೇಶ ಕೊಟ್ಟಿತು. ನಾನು ಅವರನ್ನು ಬೈಯುತ್ತಿಲ್ಲ. ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಎಂಬ ಬಿಳಿಯ 1889ರಲ್ಲಿ ಅಚ್ಚು ಮಾಡಿಸಿದ, 144 ಇದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ 573ಕ್ಕೆ ಮುಟ್ಟಿಸಿತು. ಅವರ ಕೆಲಸ ಅವರು ಮಾಡಿದರು. ಓದುವ ಕೆಲಸ ಯಾರದು?

2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬಂದಾಗ ಸಿಹಿ ಹಂಚಿದೆವು. ಆ ಸ್ಥಾನಕ್ಕೆ ಸಾಕ್ಷಿ ಹೇಳಿದ್ದು ಹಲ್ಮಿಡಿಯಿಂದ ಹಿಡಿದು ಇಂಥ ಕಲ್ಲುಗಳೇ. ಅಂಗಡಿ ಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಯಿತು. ಆಗಲೇಬೇಕಿತ್ತು. ಆದರೆ ಇಡೀ ನಾಡಿಗೇ ಕಾಣುವಷ್ಟು ಎತ್ತರದಲ್ಲಿ ಚಾವುಂಡರಾಯ ತಗುಲಿಹಾಕಿದ ಕನ್ನಡದ ಫಲಕವನ್ನು ಓದಲು ಬಾರದವರು ನಾವು, ಯಾವ ಮುಖ ಹೊತ್ತು ಅಂಗಡಿಯವನ ಮುಂದೆ ನಿಲ್ಲುವುದು?

ಎತ್ತರ ಎಂದೆನಲ್ಲ, ಈಗ ಎಲ್ಲರಿಗೂ ಎತ್ತರದ ಹುಚ್ಚು. 2018ರಲ್ಲಿ ಗುಜರಾತಿನಲ್ಲಿ 182 ಮೀಟರು. 2022ರ ನವೆಂಬರ್ 11ರಂದು ನಮ್ಮ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 108 ಅಡಿಯ ಕೆಂಪೇಗೌಡರು. ಗೌಡರ ಮೂರ್ತಿ ಬೇಕಿತ್ತು, ಬಂತು, ಸಂತೋಷ. ಮಾಡಿದವರು ಮಹಾರಾಷ್ಟ್ರ ಮೂಲದ ರಾಮ್ ಸುತಾರ್, ದೊಡ್ಡ ಶಿಲ್ಪಿ, ಅದಕ್ಕೂ ನನ್ನ ತಕರಾರಿಲ್ಲ. ಆದರೆ ಹೆಸರೇನಿಟ್ಟರು? 'ಸ್ಟ್ಯಾಚ್ಯೂ ಆಫ್ ಪ್ರಾಸ್ಪೆರಿಟಿ'! ಬೆಂಗಳೂರು ಕಟ್ಟಿದ ಗೌಡರಿಗೆ ಇಂಗ್ಲಿಷಿನಲ್ಲಿ ನಾಮಕರಣ, ಆಮೇಲೆ 'ಪ್ರಗತಿಯ ಪ್ರತಿಮೆ' ಎಂದು ಕನ್ನಡದ ತರ್ಜುಮೆ. ತನ್ನ ಮನೆಯಲ್ಲೇ ಕನ್ನಡ ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದೆ.

ಇದನ್ನೆಲ್ಲ ಹೇಳಿದರೆ ಕೆಲವು ಬುದ್ಧಿವಂತರು, 'ಹೋಗಲಿ ಬಿಡ್ರಿ, ಬಾಹುಬಲಿ ಹುಟ್ಟಿದ ನಾಡು ನಮ್ಮದು, ತ್ಯಾಗ ನಮ್ಮ ಗುಣ' ಅನ್ನುತ್ತಾರೆ. ಎಲಾ ಇವರ! ಬಾಹುಬಲಿ ಕಣ್ಣಲ್ಲಿ ಕಣ್ಣಿಟ್ಟು ಅಣ್ಣ ಭರತನನ್ನು ಗೆದ್ದ, ನೀರಲ್ಲಿ ಗೆದ್ದ, ಮಲ್ಲಯುದ್ಧದಲ್ಲಿ ಮೇಲೆತ್ತಿ ಹಿಡಿದ. ಗೆದ್ದ ಮೇಲೆ, ಈ ರಾಜ್ಯವೂ ಬೇಡ ಎಂದು ಬಿಟ್ಟ. ನಾವು ಗೆದ್ದದ್ದು ಯಾವಾಗ? ಅಖಾಡಕ್ಕೇ ಇಳಿಯದೆ ಶಾಲೆ ಬಿಟ್ಟೆವು, ಬ್ಯಾಂಕು ಬಿಟ್ಟೆವು, ರೈಲ್ವೆ ಬಿಟ್ಟೆವು. ಹಾಗೆ ಬಿಟ್ಟದ್ದಕ್ಕೆ ಗೊಮ್ಮಟನ ಹೆಸರು ಹೇಳಬೇಡಿ.

ಹಿಂದಿನ ಮಸ್ತಕಾಭಿಷೇಕ 2018ರಲ್ಲಿ ಆಯಿತು. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030. ಕೋಟಿಗಳು ಬರುತ್ತವೆ, ಅಟ್ಟಣಿಗೆ ಏರುತ್ತದೆ, ಹಾಲು ಅರಿಶಿನ ಹರಿಯುತ್ತದೆ. ಸರ್ಕಾರ ಆ ದುಡ್ಡಿನಲ್ಲಿ ಒಂದು ಚೂರು ತೆಗೆದಿಟ್ಟು, ಆ ಕನ್ನಡ ಸಾಲನ್ನು ಇಂದಿನ ಅಕ್ಷರದಲ್ಲಿ ಕಣ್ಣಿಗೆ ಹೊಡೆಯುವಂತೆ ಮೆಟ್ಟಿಲ ಬುಡದಲ್ಲೇ ಬರೆಸಲಿ. ಪ್ರೌಢಶಾಲೆಯ ಕನ್ನಡ ಮೇಷ್ಟ್ರುಗಳಿಗೆ ವರ್ಷಕ್ಕೆ ಎರಡು ದಿನ ಹಳೆಯ ಲಿಪಿ ಕಲಿಸಲಿ. ಇಂಗ್ಲಿಷ್ ಮಾಧ್ಯಮದವರು ಪ್ರವಾಸದ ಬಸ್ಸು ಹತ್ತಿಸುವ ಮೊದಲು ಮಕ್ಕಳಿಗೆ ಆ ಒಂದು ಸಾಲು ಬರೆಸಲಿ. ಮೂರೇ ಪದ!

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರುವುದಿಲ್ಲ. ಮಿರ್ಲೆಯಲ್ಲಿ ನಾಲ್ಕು ಜನ ಸೇರಿದ್ದೇವೆ. ಆ ಸಾಲನ್ನು ಕಲ್ಲಿನಲ್ಲಿರುವ ಹಳೆಯ ಅಕ್ಷರದಲ್ಲಿ ಮೇಲೆ, ಇಂದಿನ ಅಕ್ಷರದಲ್ಲಿ ಕೆಳಗೆ ಊರೊಳಗೆ ದೊಡ್ಡದಾಗಿ ಬರೆಯಬೇಕೆಂದು ಬಣ್ಣ ತಂದಿಟ್ಟಿದ್ದೇವೆ. ಬರೆಯುವ ಹುಡುಗನೂ ಸಿಕ್ಕಿದ್ದಾನೆ. ರಸ್ತೆಗೆ ಮುಖ ಮಾಡಿದ ಗೋಡೆ ಒಂದು ಬೇಕು. ಕೊಡುವವರು ಈ ಪತ್ರಿಕೆ ಹಂಚುವ ಹುಡುಗರ ಕೈಯಲ್ಲಿ ಹೇಳಿ ಕಳಿಸಿ.