ರೂಟರ್ ನಮ್ಮ ಮನೆಯಾಗ, ಕೀಲಿ ಯಾರ ಕೈಯಾಗ?



ಪೋಸ್ಟ್ ಉದ್ದ ಐತಿ, ಪೂರ್ತಿ ಓದ್ರಿ. ವಿಷಯ ಮನೆಯ ವೈಫೈ ರೂಟರ್ ಮತ್ತು ಅದರೊಳಗೆ ಕೂತಿರುವ ಸಾಫ್ಟ್‌ವೇರ್, ಅಂದರೆ ಫರ್ಮ್‌ವೇರ್. ಮೊನ್ನೆ ಒಂದು ಸಭೆಯಲ್ಲಿ ಈ ಮಾತು ತೆಗೆದಾಗ ಹಿರಿಯ ಸಂಗಾತಿಯೊಬ್ಬರು "ಭೂಮಿ ಪ್ರಶ್ನೆ ಹಾಂಗೇ ಕುಂತೈತಿ, ನೀ ಡಬ್ಬಿ ಹಿಡ್ಕೊಂಡ್ ಬಂದೀ" ಅಂದರು. ಅಣ್ಣಾರ, ನಿಮ್ಮ ಭೂಮಿ ಹೋರಾಟದ ಕಾಗದಪತ್ರ, ದೌರ್ಜನ್ಯ ಕೇಸಿನ ಎಫ್‌ಐಆರ್ ಪ್ರತಿ, ಸಭೆಯ ಕರೆ, ಹುಡುಗರ ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಈಗ ಅದೇ ಡಬ್ಬಿಯೊಳಗಿಂದ ಹಾದು ಹೋಗತಾವ. ಆ ಬಾಗಿಲಿಗೆ ಕಾವಲು ಯಾರು ಅಂತ ಒಮ್ಮೆಯಾದರೂ ಕೇಳೀವೇನು?

ವಿದ್ಯಾನಗರದ ನಮ್ಮ ಮನೆಗೆ ಇಂಟರ್‌ನೆಟ್ ಕಂಪನಿಯವರು ಹಾಕಿದ ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಕೇಳಿದೆ. "ಕೊಡಾಕ ಬರೂದಿಲ್ಲ ಸರ, ಪಾಲಿಸಿ" ಅಂದ ಹುಡುಗ. ಅವನ ತಪ್ಪಿಲ್ಲ, ಅವನೂ ಕೂಲಿಗೆ ದುಡಿಯುವವನೇ. ಇಂಥ ಡಬ್ಬಿಗಳನ್ನು ಕಂಪನಿ ತನ್ನ ಆಫೀಸಿನಿಂದಲೇ ಬದಲಿಸಬಹುದು. ತಿಂಗಳಾ ಬಿಲ್ಲು ಕಟ್ಟುವವ ನಾನು, ಒಳಗೆ ಹೋಗಾಕ ಅಪ್ಪಣೆ ಇಲ್ಲದವನೂ ನಾನು. ಈ ಅನುಭವ ನಮ್ಮ ಜನಕ್ಕೆ ಹೊಸದಲ್ಲ ಬಿಡ್ರಿ.

ಅಂಗಡಿಯಿಂದ ಸ್ವಂತ ರೂಟರ್ ತಂದರೂ ಕಥೆ ಅಲ್ಲಿಗೆ ಮುಗಿಯೂದಿಲ್ಲ. ಕೆಲವು ವರ್ಷ ಅಪ್‌ಡೇಟ್ ಕೊಟ್ಟು ಕಂಪನಿ ಕೈಬಿಡುತ್ತದೆ. ದೀಪ ಉರೀತಿರತೈತಿ, ವೈಫೈ ಬರತೈತಿ, ಒಳಗೆ ತೂತು ಬಿದ್ದಿರತೈತಿ. 2018ರಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕೆಟ್ಟ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳೊಳಗೆ ಹೊಕ್ಕಿತ್ತು. ಲಿಂಕ್‌ಸಿಸ್, ನೆಟ್‌ಗಿಯರ್, ಟಿಪಿ-ಲಿಂಕ್, ಎಲ್ಲಾ ಹೆಸರಾಂತ ಕಂಪನಿಗಳ ಮಾಲೇ.

ಇದಕ್ಕೆ ಉತ್ತರ ಹುಟ್ಟಿದ್ದು ಕಂಪನಿಗಳ ದಯೆಯಿಂದಲ್ಲ, ಕಾಯ್ದೆಯ ಬಲದಿಂದ. 2002ರ ಕೊನೆಗೆ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ರೂಟರ್ ತಂದಿತು. ಅದರೊಳಗೆ ಲಿನಕ್ಸ್ ಇದೆ ಅಂತ ಬಳಕೆದಾರರು ಪತ್ತೆ ಹಚ್ಚಿದರು. ಲಿನಕ್ಸಿನ ಜಿಪಿಎಲ್ ಲೈಸೆನ್ಸ್ ಪ್ರಕಾರ ಅದನ್ನು ಸೇರಿಸಿ ಮಾರಿದವರು ಮೂಲ ಕೋಡನ್ನೂ ಕೊಡಬೇಕು. ಪಟ್ಟು ಹಿಡಿದು ಕೇಳಿದರು, 2003ರಲ್ಲಿ ಕಂಪನಿ ಕೊಡಬೇಕಾಯಿತು. ಅದರ ಮೇಲೆ 2004ರಲ್ಲಿ ಕಟ್ಟಿದ್ದು ಓಪನ್‌ಡಬ್ಲ್ಯುಆರ್‌ಟಿ. ಹಕ್ಕು ಬರಹದಾಗ ಇದ್ದರೆ ಸಾಲದು, ಕೇಳುವವರು ಬೇಕು ಅನ್ನೂದನ್ನ ಬಾಬಾಸಾಹೇಬರ ಮಕ್ಕಳಿಗೆ ನಾನು ಹೇಳಿಕೊಡಬೇಕಿಲ್ಲ.

"ಇದು ಎಂಜಿನಿಯರುಗಳ ಕೆಲಸ, ನಿಮಗ ಆಗಂಗಿಲ್ರಿ" ಅನ್ನುವವರು ನಮ್ಮ ಕಾಲೇಜುಗಳ ಓಣಿಯಾಗ ಬಾಳ ಮಂದಿ ಅದಾರ. ನಾನು ಬಿಎ, ಆಫೀಸಿನಾಗ ಕ್ಲರ್ಕು. ಫೈಲಿನ ಟಿಪ್ಪಣಿ ಓದುವಷ್ಟು ತಾಳ್ಮೆ ಇದ್ದರೆ ಇದೂ ಆಗತೈತಿ, ನಾ ಮಾಡೇನಿ. ಬೆಂಗಳೂರಿನ ಸ್ಲಮ್ಮೊಂದರಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಗೆಳೆಯರು ಅಂಬೇಡ್ಕರ್ ಹೆಸರಿನಲ್ಲೇ ಸಮುದಾಯ ಕಂಪ್ಯೂಟರ್ ಕೇಂದ್ರ ಕಟ್ಟಿದರು, ಮಕ್ಕಳು ಲಿನಕ್ಸಿನ ಮೇಲೆಯೇ ಕಲಿತರು. ತುಮಕೂರಿನ ದೇವರಾಯನದುರ್ಗದ ಕಡೆ ಜನಸ್ತು ಸಂಸ್ಥೆ ಹಳ್ಳಿಯವರದ್ದೇ ವೈರ್‌ಲೆಸ್ ಜಾಲ ಹಬ್ಬಿಸಿದೆ. ಆಗೂದಿಲ್ಲ ಅನ್ನುವವರಿಗೆ ಇದನ್ನು ತೋರಸ್ರಿ.

ಇನ್ನು ಆಯ್ಕೆ. ಕಂಪನಿಯ ಡಬ್ಬಿಯನ್ನು ಮುಟ್ಟಬ್ಯಾಡ್ರಿ, ಅದರ ಹಿಂದೆ ನಿಮ್ಮ ಸ್ವಂತದ್ದೊಂದು ರೂಟರ್ ಇಡ್ರಿ. ಕೊಳ್ಳುವ ಮೊದಲು ತಳದ ಚೀಟಿಯ ಮೇಲಿನ ವರ್ಷನ್ ನಂಬರ್ ನೋಡಬೇಕು. ಹೆಸರು ಒಂದೇ ಇದ್ದರೂ ಒಳಗಿನದು ಬ್ಯಾರೆ ಇರತೈತಿ: ಆರ್ಚರ್ ಸಿ6 ಎರಡನೇ ವರ್ಷನ್ನಿಗೆ ಕ್ವಾಲ್‌ಕಾಮ್ ಚಿಪ್, ಮೂರನೆಯದಕ್ಕೆ ಮೀಡಿಯಾಟೆಕ್. ಒಂದರ ಫೈಲು ಇನ್ನೊಂದಕ್ಕೆ ಹಾಕಿದರೆ ಇಟ್ಟಂಗಿಯೇ. 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮಿನ ಹಳೇ ಪೆಟ್ಟಿಗೆಗಳನ್ನು ಸೆಕೆಂಡ್ ಹ್ಯಾಂಡಿನಾಗ ಅಗ್ಗ ಸಿಕ್ಕತೈತಿ ಅಂತ ತರಬ್ಯಾಡ್ರಿ, 19.07ರ ನಂತರ ಅವಕ್ಕೆ ಬೆಂಬಲ ಇಲ್ಲ. 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್ ಇದ್ದದ್ದು ನೋಡ್ರಿ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಓಪನ್‌ಡಬ್ಲ್ಯುಆರ್‌ಟಿ ಸರಿಯಾಗಿ ಕೂಡೂದಿಲ್ಲ, ಅಂಥಾ ಕೆಲವಕ್ಕೆ ಫ್ರೆಶ್‌ಟೊಮ್ಯಾಟೊ ಅಂತ ಬ್ಯಾರೆ ಐತಿ.

ಹಾಕುವಾಗ ಕೇಬಲ್ಲಿನಿಂದಲೇ ಹಾಕಬೇಕು. ಮೊದಲ ಸಲ "ಫ್ಯಾಕ್ಟರಿ" ಫೈಲು, ಆಮೇಲೆ "ಸಿಸ್‌ಅಪ್‌ಗ್ರೇಡ್" ಫೈಲು. ಹೆಸ್ಕಾಂ ಕರೆಂಟು ನಡುವೆ ಹೋದರೆ ರೂಟರ್ ಸತ್ತಂಗ, ಯುಪಿಎಸ್‌ಗೆ ಹಚ್ಚಿರಿ. ಹೊಸದು ಕೂತ ಮೇಲೆ ಪಾಸ್‌ವರ್ಡ್ ಖಾಲಿ ಇರತೈತಿ, ಮೊದಲು ಅದನ್ನು ಹಾಕಿ ಆಮೇಲೆ ವೈಫೈ ಹಚ್ಚಿರಿ.

ಈಗ ನನ್ನ ನಿಜವಾದ ಜಗಳ. ನಮ್ಮ ಸಂಘಟನೆಗಳಿಗೆ ಉದ್ಘಾಟನೆ ಮಾಡಿ ಮರೆಯುವ ಚಟ ಐತಿ. ವಾಚನಾಲಯ ಶುರು ಮಾಡತೇವಿ, ಆರು ತಿಂಗಳಿಗೆ ಕೀಲಿ ಜಡದಿರತೈತಿ. ಪ್ರತಿಮೆಗೆ ಏಪ್ರಿಲ್ 14ಕ್ಕೆ ಹಾರ, ಮುಂದ ವರ್ಷವಿಡೀ ಧೂಳು. ರೂಟರಿಗೂ ಹಾಂಗೇ ಮಾಡಿದರೆ, ಅಪ್‌ಡೇಟ್ ಕಾಣದ ಓಪನ್‌ಡಬ್ಲ್ಯುಆರ್‌ಟಿಗೂ ಕಂಪನಿ ಕೈಬಿಟ್ಟ ಫರ್ಮ್‌ವೇರಿಗೂ ಏನೂ ಫರಕ ಇಲ್ಲ. ಮುಕ್ತ ತಂತ್ರಾಂಶದಾಗೂ ತೂತು ಬೀಳತಾವ. 2024ರ ಡಿಸೆಂಬರಿನಲ್ಲಿ ಓಪನ್‌ಡಬ್ಲ್ಯುಆರ್‌ಟಿಯ ಅಪ್‌ಗ್ರೇಡ್ ಸರ್ವರ್‌ನಲ್ಲೇ ದೋಷ ಸಿಕ್ಕಿತು, ಕೆಲವೇ ಗಂಟೆಗಳಲ್ಲಿ ಸರಿ ಮಾಡಿ ಎಲ್ಲರಿಗೂ ಬಹಿರಂಗವಾಗಿ ಹೇಳಿದರು. ಆದರೆ ಹೇಳಿದ್ದನ್ನು ಓದುವವರು ಈ ಕಡೆ ಯಾರಾದರೂ ಇರಬೇಕಲ್ಲ.

ಆದ್ದರಿಂದ ಪ್ರತಿ ಸಂಘದಾಗ ಒಬ್ಬ ಹುಡುಗಿ, ಒಬ್ಬ ಹುಡುಗ ಈ ಜವಾಬ್ದಾರಿ ಹೊರಬೇಕು. ಎರಡು ತಿಂಗಳಿಗೊಮ್ಮೆ ಹೊಸ ಆವೃತ್ತಿ ನೋಡಬೇಕು. ಪ್ಯಾಕೇಜ್‌ಗಳನ್ನು ಬಿಡಿಬಿಡಿಯಾಗಿ ಅಪ್‌ಗ್ರೇಡ್ ಮಾಡಬಾರದು, ಪೂರ್ತಿ ಇಮೇಜೇ ಹಾಕಬೇಕು. ಮೊದಲು ಬ್ಯಾಕಪ್. ದೊಡ್ಡ ಆವೃತ್ತಿ ಬದಲಾದಾಗ ಟಿಪ್ಪಣಿ ಓದಬೇಕು; 21.02 ಬಂದಾಗ ಎಷ್ಟೋ ರೂಟರ್‌ಗಳಲ್ಲಿ ಹಳೇ ಸೆಟ್ಟಿಂಗ್ ಉಳಿಸಿಕೊಳ್ಳಾಕ ಬರತಿರಲಿಲ್ಲ. ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಾಗ ಕನ್ನಡದಾಗೇ ಬರೆದಿಡಬೇಕು. ಇಲ್ಲಾಂದ್ರ ಆ ಹುಡುಗನಿಗೆ ಬೆಂಗಳೂರಿನಾಗ ನೌಕರಿ ಸಿಕ್ಕ ದಿನ ಕೀಲಿ ಅವನ ಜೇಬಿನಾಗೇ ಹೋಗತೈತಿ, ನಾವು ಹೊಸ ಒಡೆಯನ ಮುಂದೆ ಮತ್ತೆ ಕೈಕಟ್ಟಿ ನಿಲ್ಲಬೇಕು.

ಹುಬ್ಬಳ್ಳಿ-ಧಾರವಾಡದ ಗೆಳೆಯರು ಆಸಕ್ತಿ ಇದ್ದರೆ ಮೆಸೇಜ್ ಮಾಡ್ರಿ, ಭಾನುವಾರ ಕೂತು ಮಾಡೋಣ. ಮೊದಲು ರೂಟರಿನ ತಳದ ಚೀಟಿಯ ಫೋಟೋ ಕಳಸ್ರಿ. ಅದರ ಮೇಲೆ ಅಚ್ಚಾಗಿರುವ ವೈಫೈ ಪಾಸ್‌ವರ್ಡನ್ನು ಬೆರಳಿನಿಂದ ಮುಚ್ಚಿ ಫೋಟೋ ಹೊಡೀರಿ.