ಕೆಮಿಕಲ್ ಎಂಬ ಬೈಗುಳ

ಕಳೆದ ಮಳೆಗಾಲದಲ್ಲಿ ಒಂದು ಸಾಹಿತ್ಯ ಶಿಬಿರಕ್ಕೆ ಹೋಗಿದ್ದೆ. ಮಧ್ಯಾಹ್ನದ ಗೋಷ್ಠಿಯಲ್ಲಿ ಹಿರಿಯರೊಬ್ಬರು ನಿಸರ್ಗದ ಬಗ್ಗೆ ಸೊಗಸಾಗಿ ಮಾತಾಡಿದರು. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಬಣ್ಣಿಸಿ, ‘ಇದು ಜೀವ, ನಾವಿವತ್ತು ನುಂಗುತ್ತಿರುವುದೆಲ್ಲ ಬರೀ ಕೆಮಿಕಲ್’ ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ರಾತ್ರಿ ಊಟದ ಹೊತ್ತಿಗೆ ಅವರ ಮೂಗು ಸೋರತೊಡಗಿತು. ಶಿಬಿರದ ಹುಡುಗನೊಬ್ಬನನ್ನು ಕರೆದು, ‘ಮೆಡಿಕಲ್ ಶಾಪ್ ಮುಚ್ಚೋದರೊಳಗೆ ಒಂದು ಅಜಿಥ್ರೋಮೈಸಿನ್ ಸ್ಟ್ರಿಪ್ ತಂದುಬಿಡಪ್ಪ, 500ರದ್ದು’ ಅಂದರು. ಹುಡುಗ ಹತ್ತೇ ನಿಮಿಷದಲ್ಲಿ ತಂದುಕೊಟ್ಟ. ವೈದ್ಯರ ಚೀಟಿ ಯಾರೂ ಕೇಳಿರಲಿಲ್ಲ.

ಆಗ ನಾನು ಸುಮ್ಮನಿದ್ದೆ. ಈಗ ಹೇಳುತ್ತೇನೆ: ಮಧ್ಯಾಹ್ನದ ಆ ಬೈಗುಳ, ರಾತ್ರಿಯ ಆ ಮಾತ್ರೆ, ಎರಡೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಔಷಧವೆಂದರೆ ಕಾರ್ಖಾನೆಯ ಸರಕು ಎಂದು ನಂಬಿದವರು ಅದನ್ನು ಬೈಯುವುದೂ ಸಲೀಸು, ಪೋಲು ಮಾಡುವುದೂ ಸಲೀಸು. ಇದು ಮುಗಿದರೆ ಕಾರ್ಖಾನೆ ಇನ್ನೊಂದು ಮಾಡಿಕೊಡುತ್ತದಲ್ಲ!

ಮೊದಲು ಆ ಮಣ್ಣಿನ ವಾಸನೆಯನ್ನೇ ನೋಡೋಣ. ನಾವು ಇಷ್ಟೊಂದು ಕವಿತೆ ಬರೆದಿರುವ ಆ ವಾಸನೆಯಲ್ಲಿ ದೊಡ್ಡ ಪಾಲು ಜಿಯೋಸ್ಮಿನ್ ಎಂಬ ಸಂಯುಕ್ತದ್ದು. ಅದನ್ನು ತಯಾರಿಸುವವರಲ್ಲಿ ಮುಖ್ಯರು ಆಕ್ಟಿನೊಮೈಸೀಟ್ ಬಳಗದ ಮಣ್ಣಿನ ಬ್ಯಾಕ್ಟೀರಿಯಾಗಳು. ತಯಾರಿಸುವ ಸಲಕರಣೆ ಎಂಜೈಮ್, ಪಠ್ಯಪುಸ್ತಕದ ಕನ್ನಡದಲ್ಲಿ ಕಿಣ್ವ. ಅಂದರೆ ಹಿರಿಯರು ಮೆಚ್ಚಿದ್ದೂ ಕೆಮಿಕಲ್ಲೇ. ಅವರು ರಾತ್ರಿ ನುಂಗಿದ ಮಾತ್ರೆಯ ಮೂಲವೂ ಅದೇ ಬಳಗ.

1949ರಲ್ಲಿ ಫಿಲಿಪೈನ್ಸ್‌ನ ಇಲೋಯಿಲೋ ಪ್ರಾಂತ್ಯದಿಂದ ಅಬೆಲಾರ್ಡೊ ಅಗಿಲಾರ್ ಎಂಬ ವೈದ್ಯರು ಒಂದಿಷ್ಟು ಮಣ್ಣನ್ನು ಅಮೆರಿಕದ ಎಲಿ ಲಿಲ್ಲಿ ಕಂಪನಿಗೆ ಕಳಿಸಿದರು. ಆ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು ಎರಿಥ್ರೋಮೈಸಿನ್. 1952ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಇಟ್ಟ ಹೆಸರು ಇಲೋಟೈಸಿನ್, ಆ ಊರಿನ ನೆನಪಿಗೆ. ಬ್ಯಾಕ್ಟೀರಿಯಾದ ಇಂದಿನ ಹೆಸರು ಸ್ಯಾಕರೊಪಾಲಿಸ್ಪೋರಾ ಎರಿಥ್ರಿಯಾ.

ಅದು ಈ ಔಷಧ ಕಟ್ಟುವ ಬಗೆ ಹೇಗೆ? ಹೂ ಕಟ್ಟುವ ಏಳು ಜನ ಸಾಲಾಗಿ ಕೂತಿದ್ದಾರೆ ಎಂದುಕೊಳ್ಳಿ. ಮೊದಲನೆಯವರು ದಾರಕ್ಕೆ ಒಂದು ಹೂ ಕಟ್ಟಿ ಪಕ್ಕದವರ ಕೈಗೆ ಕೊಡುತ್ತಾರೆ. ಅವರು ಬುಟ್ಟಿಯಿಂದ ಇನ್ನೊಂದು ಹೂ ಆರಿಸಿ, ಗಂಟು ಹಾಕಿ, ಬೇಕಿದ್ದರೆ ತೊಟ್ಟು ಚಿವುಟಿ, ಮುಂದಿನವರಿಗೆ ದಾಟಿಸುತ್ತಾರೆ. ಕೊನೆಯಲ್ಲಿ ಎರಡು ತುದಿ ಸೇರಿಸಿದರೆ ಹಾರ. ಈ ಬ್ಯಾಕ್ಟೀರಿಯಾದೊಳಗೆ ಆ ಸಾಲು ಎಂದರೆ ಮೂರು ದೈತ್ಯ ಪ್ರೋಟೀನುಗಳು. ಒಂದೊಂದರಲ್ಲೂ ಮೂರು ಸಾವಿರಕ್ಕಿಂತ ಹೆಚ್ಚು ಅಮೈನೊ ಆಮ್ಲಗಳಿವೆ. ಮೂರು ಇಂಗಾಲದ ಒಂದು ತುಣುಕಿನಿಂದ ಕೆಲಸ ಶುರು. ಆಮೇಲೆ ಆರು ತಾಣಗಳಲ್ಲಿ ಸಲಕ್ಕೆ ಮೂರರಂತೆ ಇಂಗಾಲ ಸೇರುತ್ತದೆ. ಪ್ರತಿ ತಾಣದಲ್ಲೂ ತುಣುಕನ್ನು ಆರಿಸುವ ಭಾಗ ಬೇರೆ, ಬೆಸೆಯುವ ಭಾಗ ಬೇರೆ, ಬೆಳೆಯುತ್ತಿರುವ ಸರಪಳಿಯನ್ನು ಹಿಡಿದುಕೊಳ್ಳುವ ಭಾಗ ಬೇರೆ. 21 ಇಂಗಾಲ ಸೇರಿದ ಮೇಲೆ ಕೊನೆಯ ಭಾಗವೊಂದು ಸರಪಳಿಯನ್ನು ಬಿಡಿಸಿ ಉಂಗುರವಾಗಿ ಮುಚ್ಚುತ್ತದೆ. 1990ರ ಆಸುಪಾಸಿನಲ್ಲಿ ಇದರ ಜೀನುಗಳನ್ನು ಓದಿದವರಿಗೆ ಕಂಡದ್ದು ಈ ಶಿಸ್ತು: ಡಿಎನ್‌ಎಯಲ್ಲಿ ತಾಣಗಳ ಸೂಚನೆ ಯಾವ ಕ್ರಮದಲ್ಲಿದೆಯೋ, ಕೆಲಸವೂ ಅದೇ ಕ್ರಮದಲ್ಲಿ ನಡೆಯುತ್ತದೆ.

ಆದರೆ ಬರೀ ಉಂಗುರ ಯಾವ ರೋಗಾಣುವಿಗೂ ಹೆದರಿಕೆ ಹುಟ್ಟಿಸುವುದಿಲ್ಲ. ಬೇರೆ ಎಂಜೈಮ್‌ಗಳು ಬಂದು ಎರಡು ಕಡೆ ಆಮ್ಲಜನಕ ಕೂಡಿಸಬೇಕು, ಎರಡು ವಿಶೇಷ ಸಕ್ಕರೆಗಳನ್ನು ಅಂಟಿಸಬೇಕು. ಆಗಲೇ ಅದು ರೋಗಾಣುವಿನ ರೈಬೋಸೋಮಿನೊಳಗೆ ಕೂತು, ಹೊಸ ಪ್ರೋಟೀನು ಹೊರಬರುವ ದಾರಿಯನ್ನು ಅಡ್ಡಗಟ್ಟುವುದು.

ಇದನ್ನು ಮನುಷ್ಯ ಮಾಡಲಾರನೇ? ಮಾಡಿದ್ದಾನೆ. ನೊಬೆಲ್ ಪಡೆದ ರಸಾಯನಶಾಸ್ತ್ರಜ್ಞ ರಾಬರ್ಟ್ ವುಡ್‌ವರ್ಡ್ ಹಾರ್ವರ್ಡಿನಲ್ಲಿ ಈ ಸಾಹಸಕ್ಕೆ ಕೈಹಾಕಿದರು. 1979ರಲ್ಲಿ ಅವರು ತೀರಿಕೊಂಡರು. ಕೆಲಸ ಪೂರೈಸಿ ಪ್ರಕಟವಾದದ್ದು 1981ರಲ್ಲಿ, ಲೇಖಕರ ಪಟ್ಟಿಯಲ್ಲಿ 49 ಹೆಸರು. ಈ ಅಣುವಿನಲ್ಲಿ ಎಡವೋ ಬಲವೋ ಎಂದು ತೀರ್ಮಾನಿಸಬೇಕಾದ ಜಾಗಗಳೇ 18. ಲೆಕ್ಕಕ್ಕೆ 2,62,144 ರೂಪಗಳು ಸಾಧ್ಯ, ಬೇಕಾದದ್ದು ಒಂದೇ. ಅದೊಂದು ಮಹಾಸಾಧನೆ. ಆದರೂ ಇವತ್ತಿಗೂ ಔಷಧಕ್ಕಾಗಿ ಎರಿಥ್ರೋಮೈಸಿನ್ ತಯಾರಿಸುವುದು ಬ್ಯಾಕ್ಟೀರಿಯಾವನ್ನು ತೊಟ್ಟಿಯಲ್ಲಿ ಬೆಳೆಸಿಯೇ. ನಮ್ಮ ಅಜಿಥ್ರೋಮೈಸಿನ್ ಕೂಡ ಆಕಾಶದಿಂದ ಇಳಿದದ್ದಲ್ಲ. 1980ರಲ್ಲಿ ಜಾಗ್ರೆಬ್‌ನ ಪ್ಲೀವಾ ಕಂಪನಿಯ ವಿಜ್ಞಾನಿಗಳು ಎರಿಥ್ರೋಮೈಸಿನ್ನಿನ ಉಂಗುರಕ್ಕೆ ಒಂದು ಸಾರಜನಕ ಸೇರಿಸಿ ಅದನ್ನು ಪಡೆದರು. ಮುಕ್ಕಾಲು ಮನೆ ಕಟ್ಟಿಕೊಟ್ಟದ್ದು ಬ್ಯಾಕ್ಟೀರಿಯಾ. ನಾವು ಒಂದು ಕಿಟಕಿ ಇಟ್ಟೆವು.

‘ಕಂಪನಿಗಳು ಇದರಲ್ಲಿ ದುಡ್ಡು ಬಾಚುತ್ತವೆ’ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ತಮಗೆ ರಾಯಲ್ಟಿ ಸಿಗಲಿಲ್ಲವೆಂಬ ಕೊರಗು ಅಗಿಲಾರರಿಗೂ ಇತ್ತು. ಆ ಜಗಳಕ್ಕೆ ಕರೆದರೆ ನಾನೂ ಬರುತ್ತೇನೆ. ಆದರೆ ಕಂಪನಿಯ ಮೇಲಿನ ಸಿಟ್ಟನ್ನು ಅಣುವಿನ ಮೇಲೆ ತೀರಿಸಿಕೊಳ್ಳಬೇಡಿ.

‘ಹಾಗಾದರೆ ಇದು ನ್ಯಾಚುರಲ್, ಅಪಾಯವಿಲ್ಲ’ ಎಂದು ಇನ್ನೊಬ್ಬರು ಹೇಳಬಹುದು. ಅವರಿಗೂ ನನ್ನದು ಇಲ್ಲವೆಂಬ ಉತ್ತರವೇ. ಇದನ್ನು ತಯಾರಿಸುವ ಬ್ಯಾಕ್ಟೀರಿಯಾಕ್ಕೂ ರೈಬೋಸೋಮ್ ಇದೆಯಲ್ಲ, ತನ್ನದೇ ವಿಷಕ್ಕೆ ಅದು ಬಲಿಯಾಗಬೇಕಿತ್ತು. ಆಗದಿರಲು ಅದು ಇನ್ನೊಂದು ಎಂಜೈಮ್ ಇಟ್ಟುಕೊಂಡಿದೆ. ಅದು ರೈಬೋಸೋಮಿನ ಒಂದು ನಿರ್ದಿಷ್ಟ ಜಾಗಕ್ಕೆ ಮೀಥೈಲ್ ಗುಂಪು ಅಂಟಿಸುತ್ತದೆ, ಔಷಧ ಅಲ್ಲಿ ಕೂರಲಾಗುವುದಿಲ್ಲ. ಇದೇ ಜಾತಿಯ ಎಂಜೈಮಿನ ಜೀನು ಈಗ ನಮಗೆ ರೋಗ ತರುವ ಬ್ಯಾಕ್ಟೀರಿಯಾಗಳಲ್ಲೂ ಇದೆ, ಒಂದರಿಂದ ಇನ್ನೊಂದಕ್ಕೆ ದಾಟುತ್ತಿದೆ. ನಾವು ನುಂಗುವ ಪ್ರತಿ ಅನಗತ್ಯ ಮಾತ್ರೆಯೂ ನಮ್ಮ ಮೈಯಲ್ಲಿರುವ ಬ್ಯಾಕ್ಟೀರಿಯಾಗಳ ಪೈಕಿ ಅಂಥ ಜೀನು ಇರುವವನ್ನು ಉಳಿಸಿ ಉಳಿದವನ್ನು ಕೊಲ್ಲುತ್ತದೆ. ನೆಗಡಿ ಬರುವುದು ವೈರಸ್ಸಿನಿಂದ. ವೈರಸ್ಸಿಗೆ ರೈಬೋಸೋಮೇ ಇಲ್ಲ. ಹಿರಿಯರ ಮಾತ್ರೆ ಅವರ ನೆಗಡಿಗೆ ಏನೂ ಮಾಡಲಿಲ್ಲ, ಈ ಕೆಟ್ಟ ಕೆಲಸವನ್ನಷ್ಟೇ ಮಾಡಿತು. ಅದರ ಬೆಲೆ ತೆರುವವರು ನಾಳೆ ನ್ಯುಮೋನಿಯಾದಲ್ಲಿ ಮಲಗುವ ಯಾರದೋ ಮಗು.

ಸಾಹಿತ್ಯದವರಾದ ನಾವು ಪದಗಳನ್ನು ಎಚ್ಚರದಿಂದ ಬಳಸುವವರು ಎಂದು ಹೇಳಿಕೊಳ್ಳುತ್ತೇವೆ. ‘ಕೆಮಿಕಲ್’ ಎಂಬ ಪದದ ವಿಚಾರದಲ್ಲೂ ಆ ಎಚ್ಚರ ಇರಲಿ. ಮಣ್ಣಿನ ವಾಸನೆಗೆ ಕವಿತೆ ಬರೆಯಿರಿ, ಆ ಮಣ್ಣು ಕಟ್ಟಿಕೊಟ್ಟ ಔಷಧಕ್ಕೂ ಅಷ್ಟೇ ಮರ್ಯಾದೆ ಕೊಡಿ. ನೆಗಡಿಯಾದರೆ ಬಿಸಿನೀರು ಕುಡಿದು ಮಲಗಿ. ಜ್ವರ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ. ಮುಂದಿನ ಶಿಬಿರದಲ್ಲಿ ಯಾರಾದರೂ ಹುಡುಗನನ್ನು ಮೆಡಿಕಲ್ ಶಾಪಿಗೆ ಅಟ್ಟುವುದು ಕಂಡರೆ, ಈ ಸಲ ನಾನು ಸುಮ್ಮನಿರುವುದಿಲ್ಲ.